ಐಷಾರಾಮಿ ಹೋಟೆಲುಗಳ ನವೀಕರಣ: ಗೋಡೆಯ ಮೇಲಿನ ಕಲೆ ಖರ್ಚೋ, ಆಸ್ತಿಯೋ?

ಹೋಟೆಲ್ ಉದ್ಯಮದ ಸರಕು ವಿಚಿತ್ರವಾದುದು. ಕಿರಾಣಿ ವರ್ತಕನ ಬೇಳೆ ಇಂದು ಮಾರಾಟವಾಗದಿದ್ದರೆ ನಾಳೆ ಮಾರಾಟವಾದೀತು. ಒಂದು ರಾತ್ರಿ ಖಾಲಿ ಉಳಿದ ಕೊಠಡಿಯ ಬಾಡಿಗೆಯಾದರೋ ಎಂದೆಂದಿಗೂ ಕೈಬಿಟ್ಟಂತೆಯೇ ಸರಿ. ಈ ಕಾರಣದಿಂದಲೇ ಹೋಟೆಲ್ ಮಾಲೀಕರು ತಮ್ಮ ಕಟ್ಟಡವು ಹಳತಾಗಿ ಕಾಣದಂತೆ ಸದಾ ಎಚ್ಚರ ವಹಿಸುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಒಳಾಂಗಣವನ್ನು ಬದಲಾಯಿಸುತ್ತಾರೆ. ಹಾಗೆ ಬದಲಾಯಿಸುವಾಗ ಗೋಡೆಯ ಚಿತ್ರ, ಮೊಗಸಾಲೆಯ ಶಿಲ್ಪ, ಕೆತ್ತನೆಯ ಬಾಗಿಲು, ಹಳೆಯ ದೀಪಗುಚ್ಛ ಇವೆಲ್ಲ ಯಾವ ಲೆಕ್ಕಕ್ಕೆ ಸೇರಬೇಕು ಎಂಬ ಪ್ರಶ್ನೆ ಏಳುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಗುತ್ತಿಗೆದಾರನ ಕೂಲಿಯಾಳುಗಳು ಹಳೆಯದನ್ನು ಕಿತ್ತು ಹೊರಗೆ ಸಾಗಿಸುತ್ತಾರೆ. ಗುಜರಿಯವನು ತೂಕ ಹಾಕಿ ಒಯ್ಯುತ್ತಾನೆ.

ಇದು ಕೇವಲ ಪಂಚತಾರಾ ಹೋಟೆಲುಗಳ ಮನೆವಾರ್ತೆ, ವರ್ತಕರಿಗೂ ಸಣ್ಣ ತಯಾರಕರಿಗೂ ಇದರಿಂದ ಆಗಬೇಕಾದುದೇನು ಎಂದು ಕೆಲವರಿಗೆ ಅನಿಸಬಹುದು. ಆದರೆ ಒಂದು ದೊಡ್ಡ ಹೋಟೆಲು ನವೀಕರಣಕ್ಕೆ ಕೈಹಾಕಿದಾಗ ಮರ, ಬಟ್ಟೆ, ಲೋಹ, ಕಲ್ಲು, ಗಾಜು, ಬಣ್ಣ, ವಿದ್ಯುತ್ ಸಾಮಗ್ರಿ ಮೊದಲಾದ ಹತ್ತಾರು ಬಾಬ್ತುಗಳಲ್ಲಿ ಖರೀದಿ ನಡೆಯುತ್ತದೆ. ಆ ಖರೀದಿಯ ಎಷ್ಟು ಪಾಲು ಸ್ಥಳೀಯ ಕುಶಲಕರ್ಮಿಯ ಕೈ ಸೇರುತ್ತದೆ, ಎಷ್ಟು ಪಾಲು ಹೊರದೇಶದ ಕಂಟೇನರಿನಲ್ಲಿ ಬಂದಿಳಿಯುತ್ತದೆ ಎಂಬುದು ನವೀಕರಣದ ಯೋಜನೆಯನ್ನು ರೂಪಿಸುವ ಹಂತದಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಆದುದರಿಂದ ಈ ವಿಷಯವು ವಾಣಿಜ್ಯ ವಲಯದ ಸಮಗ್ರ ಚರ್ಚೆಗೆ ಅರ್ಹವಾಗಿದೆ.

ಮುಂಬಯಿಯ ನಿದರ್ಶನ

ಭಾರತದಲ್ಲಿ ಕಲಾತ್ಮಕ ಒಳಾಂಗಣವೆಂದೊಡನೆ ಮೊದಲು ನೆನಪಾಗುವುದು ಮುಂಬಯಿಯ ತಾಜ್ ಮಹಲ್ ಹೋಟೆಲು. ಜಮ್‌ಸೆಟ್‌ಜಿ ಟಾಟಾ ಅವರ ಆಶಯದಂತೆ ನಿರ್ಮಾಣವಾಗಿ 1903ರ ಡಿಸೆಂಬರ್ 16ರಂದು ಇದು ಬಾಗಿಲು ತೆರೆಯಿತು. ಎದುರಿಗಿರುವ ಗೇಟ್‌ವೇ ಆಫ್ ಇಂಡಿಯಾ ಪೂರ್ಣಗೊಂಡದ್ದು 1924ರಲ್ಲಿ. ಅಂದರೆ ಹೋಟೆಲೇ ಎರಡು ದಶಕಗಳಷ್ಟು ಹಿರಿದು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ಹೋಟೆಲು ಭಾರತೀಯ ಚಿತ್ರಕಾರರ ಕೃತಿಗಳನ್ನು ಸಂಗ್ರಹಿಸಿತು. ಎಂ.ಎಫ್. ಹುಸೇನರಂಥವರ ಕೃತಿಗಳು ಇಲ್ಲಿ ಗೋಡೆಯೇರಿದವು. ಅಂದು ಅಲಂಕಾರಕ್ಕೆಂದು ಕೊಂಡ ಚಿತ್ರಗಳು ಕಾಲಾಂತರದಲ್ಲಿ ಅಪೂರ್ವ ಸಂಗ್ರಹವಾಗಿ ಮಾರ್ಪಟ್ಟವು.

2008ರ ನವೆಂಬರ್ 26ರ ರಾತ್ರಿ ಆರಂಭವಾದ ಭಯೋತ್ಪಾದಕ ದಾಳಿಯಲ್ಲಿ ಈ ಕಟ್ಟಡ ಹೊತ್ತಿ ಉರಿದುದನ್ನು ಇಡೀ ದೇಶವೇ ಕಂಡಿತು. 1973ರಲ್ಲಿ ಸೇರ್ಪಡೆಯಾಗಿದ್ದ ಗೋಪುರ ಭಾಗವು ಅದೇ ಡಿಸೆಂಬರ್ 21ರಂದು, ಅಂದರೆ ಒಂದು ತಿಂಗಳೂ ತುಂಬುವ ಮೊದಲೇ, ಅತಿಥಿಗಳಿಗೆ ತೆರೆಯಿತು. ಆದರೆ ಹಳೆಯ ಅರಮನೆ ಭಾಗವು ಪುನಃ ಪೂರ್ಣವಾಗಿ ತೆರೆದುಕೊಂಡದ್ದು 2010ರ ಆಗಸ್ಟ್ 15ರಂದು. ಈ ಇಪ್ಪತ್ತು ತಿಂಗಳ ಅಂತರವೇ ಇಲ್ಲಿ ಗಮನಾರ್ಹ. ದಿನವೊಂದಕ್ಕೆ ದೊಡ್ಡ ಮೊತ್ತದ ಬಾಡಿಗೆ ತರಬಲ್ಲ ಕೊಠಡಿಗಳನ್ನು ಇಷ್ಟು ದೀರ್ಘಕಾಲ ಮುಚ್ಚಿಡುವುದು ಯಾವ ವ್ಯವಹಾರಸ್ಥನಿಗೂ ಹಿತವಲ್ಲ. ಹೊಗೆ ಹಿಡಿದ ಗೋಡೆಗಳಿಗೆ ಬಣ್ಣ ಬಳಿದು, ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುವ ಸಾಮಗ್ರಿ ತಂದು ಜೋಡಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಮಾಲೀಕರು ಆ ದಾರಿ ಹಿಡಿಯಲಿಲ್ಲ. ಹಳೆಯ ಮೆಟ್ಟಿಲುಸಾಲು, ಕಮಾನು, ಗುಮ್ಮಟ ಇವುಗಳನ್ನು ಮೊದಲಿನ ರೂಪಕ್ಕೆ ತಂದರು. ಮಸಿ ಹಿಡಿದ, ಬೆಂಕಿ ಆರಿಸಲು ಹಾಯಿಸಿದ ನೀರಿನಿಂದ ನೆನೆದ ಚಿತ್ರಗಳನ್ನು ಸಂರಕ್ಷಣಾ ತಜ್ಞರ ಕೈಗೆ ಒಪ್ಪಿಸಿದರು.

ಇದರ ಫಲವೇನು ಎಂದು ಕೇಳಿದರೆ 2017ರ ಒಂದು ಘಟನೆಯತ್ತ ಬೊಟ್ಟು ಮಾಡಬಹುದು. ಆ ವರ್ಷ ಈ ಕಟ್ಟಡದ ಬಾಹ್ಯ ರೂಪಕ್ಕೆ ವ್ಯಾಪಾರ ಚಿಹ್ನೆಯಾಗಿ ನೋಂದಣಿ ದೊರೆಯಿತು. ದೇಶದಲ್ಲಿ ಕಟ್ಟಡವೊಂದಕ್ಕೆ ಇಂಥ ನೋಂದಣಿ ದೊರೆತದ್ದು ಅದೇ ಮೊದಲು. ಸೋಪಿನ ಹೊದಿಕೆಗೋ ಊದಿನಕಡ್ಡಿಯ ಪೊಟ್ಟಣಕ್ಕೋ ಇರುವಂಥದೇ ಕಾನೂನುಬದ್ಧ ರಕ್ಷಣೆ ಗುಮ್ಮಟವೊಂದಕ್ಕೂ ಸಿಕ್ಕಿತು. ಬೆಂಕಿಯ ಬಳಿಕ ಕಟ್ಟಡದ ಚಹರೆಯನ್ನೇ ಬದಲಾಯಿಸಿದ್ದರೆ ನೋಂದಾಯಿಸಲು ಏನು ಉಳಿಯುತ್ತಿತ್ತು?

ಟೋಕಿಯೋ ಕಲಿಸುವ ಪಾಠ

ಕಟ್ಟಡವನ್ನು ಉಳಿಸಿಕೊಳ್ಳುವುದು ಎಲ್ಲ ಕಾಲಕ್ಕೂ ಸಾಧ್ಯವಾಗದು ಎಂಬುದೂ ನಿಜವೇ. ಈ ದೃಷ್ಟಿಯಿಂದ ಜಪಾನಿನ ಓಕುರಾ ಹೋಟೆಲಿನ ಪ್ರಸಂಗವನ್ನು ಪರಿಶೀಲಿಸಬೇಕು. 1962ರಲ್ಲಿ ಟೋಕಿಯೋದಲ್ಲಿ ಆರಂಭವಾದ ಈ ಹೋಟೆಲಿನ ಮೊಗಸಾಲೆಯನ್ನು ಯೋಶಿರೋ ತಾನಿಗುಚಿ ಎಂಬ ವಾಸ್ತುಶಿಲ್ಪಿ ರೂಪಿಸಿದ್ದರು. ಮೇಲ್ಛಾವಣಿಯಿಂದ ಸರಗಳಂತೆ ಇಳಿಬಿದ್ದ ಷಟ್ಕೋನದ ಲಾಂದ್ರಗಳು, ಮೇಲಿನಿಂದ ನೋಡಿದರೆ ಪ್ಲಮ್ ಹೂವಿನ ಆಕಾರ ತಾಳುವಂತೆ ಜೋಡಿಸಿದ ಮೇಜು ಕುರ್ಚಿಗಳು, ಬೆಳಕನ್ನು ಸೋಸಿ ಒಳಬಿಡುವ ಕಾಗದದ ಪರದೆಗಳು ಇವುಗಳಿಂದ ಆ ಮೊಗಸಾಲೆ ಜಗತ್ಪ್ರಸಿದ್ಧವಾಗಿತ್ತು. ಒಲಿಂಪಿಕ್ ಕ್ರೀಡಾಕೂಟಕ್ಕೆ ಟೋಕಿಯೋ ಸಜ್ಜಾಗತೊಡಗಿದ ಸಮಯದಲ್ಲಿ ಮಾಲೀಕರು ಹಳೆಯ ಮುಖ್ಯ ಕಟ್ಟಡವನ್ನು ಕೆಡವಲು ನಿರ್ಧರಿಸಿದರು. ದೇಶವಿದೇಶಗಳ ವಿನ್ಯಾಸಕಾರರು ಪ್ರತಿಭಟಿಸಿದರೂ ಕಟ್ಟಡ ಉಳಿಯಲಿಲ್ಲ.

ಆದರೆ 2019ರ ಸೆಪ್ಟೆಂಬರ್‌ನಲ್ಲಿ 508 ಕೊಠಡಿಗಳ ಎರಡು ಹೊಸ ಗೋಪುರಗಳೊಂದಿಗೆ ಹೋಟೆಲು ಮರಳಿ ತೆರೆದಾಗ ಅದರೊಳಗೆ ಹಳೆಯ ಮೊಗಸಾಲೆ ಪುನಃ ಮೂಡಿತ್ತು. ಅದನ್ನು ಮರುರೂಪಿಸಿದವರು ಮೂಲ ವಾಸ್ತುಶಿಲ್ಪಿಯ ಪುತ್ರ ಯೋಶಿಯೋ ತಾನಿಗುಚಿ. ಲಾಂದ್ರಗಳು, ಹೂವಿನಾಕಾರದ ಮೇಜುಗಳು, ಪರದೆಗಳು ಎಲ್ಲವೂ ಹಿಂದಿನ ಮಾದರಿಯಲ್ಲಿಯೇ ಸಿದ್ಧವಾದವು. ಮರುಸೃಷ್ಟಿ ಎಷ್ಟೇ ಚೆನ್ನಾಗಿದ್ದರೂ ಮೂಲವಾಗದು ಎಂದು ಕಲಾಪ್ರಿಯರು ಕೊರಗುವುದು ಸಹಜ. ವ್ಯವಹಾರದ ದೃಷ್ಟಿಯಿಂದ ಗಮನಿಸಬೇಕಾದುದು ಬೇರೆ. ಕಟ್ಟಡವನ್ನೇ ಕೆಡವಿದ ಮಾಲೀಕರಿಗೂ ಆ ಮೊಗಸಾಲೆಯನ್ನು ಕಳೆದುಕೊಳ್ಳುವ ಧೈರ್ಯ ಬರಲಿಲ್ಲ. ಅದನ್ನು ಮತ್ತೆ ಮಾಡಬಲ್ಲ ಕುಶಲಕರ್ಮಿಗಳು ಅರ್ಧ ಶತಮಾನದ ನಂತರವೂ ಆ ದೇಶದಲ್ಲಿ ಕಸುಬು ನಡೆಸುತ್ತಿದ್ದರು. ಇವೆರಡೂ ಒಟ್ಟಿಗೆ ಕೂಡಿದ್ದರಿಂದಲೇ ಆ ಕಾರ್ಯ ಕೈಗೂಡಿತು. ಕಸುಬುದಾರ ಇಲ್ಲದಿದ್ದಲ್ಲಿ ಹಣವಿದ್ದೂ ಪ್ರಯೋಜನವಿಲ್ಲ.

ಲೆಕ್ಕಪುಸ್ತಕದಲ್ಲಿ ಕಲೆಯ ಸ್ಥಾನ

ನವೀಕರಣದ ಬಿಲ್ಲುಗಳನ್ನೆಲ್ಲ ‘ಒಳಾಂಗಣ ಅಲಂಕಾರ’ ಎಂಬ ಒಂದೇ ಖಾತೆಗೆ ಹಾಕಿ ಮುಗಿಸುವ ಪರಿಪಾಠ ಹಲವೆಡೆ ಇದೆ. ಇದು ಅನುಕೂಲಕರವಾಗಿ ಕಂಡರೂ ನಷ್ಟಕರವಾದುದು. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯು ಸಾಮಾನ್ಯ ಪೀಠೋಪಕರಣಗಳಿಗೆ ಹತ್ತು ವರ್ಷ, ಹೋಟೆಲು ಮತ್ತು ಉಪಾಹಾರ ಗೃಹಗಳಲ್ಲಿ ಬಳಸುವ ಪೀಠೋಪಕರಣಗಳಿಗೆ ಎಂಟು ವರ್ಷದ ಬಾಳಿಕೆಯನ್ನು ಗೊತ್ತುಮಾಡಿದೆ. ಒಂದು ಆಸ್ತಿಯಲ್ಲಿ ಮುಖ್ಯವಾದ ಭಾಗದ ಬಾಳಿಕೆ ಬೇರೆಯಾಗಿದ್ದರೆ ಅದನ್ನು ಪ್ರತ್ಯೇಕವಾಗಿ ತೋರಿಸಬೇಕೆಂದೂ ವಿಧಿಸಿದೆ.

ಉದಾಹರಣೆಗೆ, ಒಂದು ಹೋಟೆಲು ಐದು ಲಕ್ಷ ರೂಪಾಯಿಯ ರತ್ನಗಂಬಳಿಯನ್ನೂ ಐದು ಲಕ್ಷ ರೂಪಾಯಿಯ ಚಿತ್ರವನ್ನೂ ಒಂದೇ ದಿನ ಕೊಂಡಿತೆಂದು ಭಾವಿಸಿ. ಯಂತ್ರದಲ್ಲಿ ನೇಯ್ದ ಗಂಬಳಿಯ ಮೇಲೆ ಸಾವಿರಾರು ಅತಿಥಿಗಳು ನಡೆದಾಡುತ್ತಾರೆ. ಎಂಟು ವರ್ಷದ ಕೊನೆಗೆ ಶೇ. 5ರಷ್ಟು ಉಳಿಕೆ ಮೌಲ್ಯ ಹಿಡಿದರೆ ಪುಸ್ತಕದಲ್ಲಿ ಅದರ ಬೆಲೆ ಇಪ್ಪತ್ತೈದು ಸಾವಿರ. ಚಿತ್ರವನ್ನೂ ಅದೇ ಖಾತೆಯಲ್ಲಿ ಸೇರಿಸಿದ್ದರೆ ಅದರ ಬೆಲೆಯೂ ಇಪ್ಪತ್ತೈದು ಸಾವಿರವೇ! ವಾಸ್ತವದಲ್ಲಿ ಒಳ್ಳೆಯ ಕಲಾವಿದನ ಕೃತಿ ತನ್ನ ಬೆಲೆಯನ್ನು ಉಳಿಸಿಕೊಂಡಿರಬಹುದು, ಹೆಚ್ಚಿಸಿಕೊಂಡೂ ಇರಬಹುದು. ಭಾರತೀಯ ಲೆಕ್ಕಪತ್ರ ಮಾನಕ 16ರ ಪ್ರಕಾರ ಆಸ್ತಿಯೊಂದರ ಉಳಿಕೆ ಮೌಲ್ಯವು ಅದರ ಪುಸ್ತಕ ಬೆಲೆಗೆ ಸಮನಾಗಿದ್ದರೆ ಅಥವಾ ಮೀರಿದ್ದರೆ ಅಷ್ಟು ಕಾಲ ಸವಕಳಿ ಶೂನ್ಯ. ಈ ಅವಕಾಶವನ್ನು ಬಳಸಿಕೊಳ್ಳಬೇಕಾದರೆ ಚಿತ್ರವು ಸ್ಥಿರಾಸ್ತಿ ವಹಿಯಲ್ಲಿ ತನ್ನದೇ ಸಾಲಿನಲ್ಲಿ, ಕಲಾವಿದನ ಹೆಸರು, ಅಳತೆ, ಕೊಂಡ ದಿನಾಂಕ, ಛಾಯಾಚಿತ್ರ ಸಮೇತ ದಾಖಲಾಗಿರಬೇಕು. ಪುಸ್ತಕದಲ್ಲಿ ಬೆಲೆಯಿಲ್ಲದ ವಸ್ತು ಗುಜರಿಗೆ ಹೋದರೆ ಪ್ರಶ್ನಿಸುವವರಾರು? ಕಳವಾದರೆ ವಿಮಾ ಪರಿಹಾರವನ್ನು ಯಾವ ಆಧಾರದ ಮೇಲೆ ಕೇಳುವುದು?

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹೋಟೆಲ್ ಕಟ್ಟಡವನ್ನೇ ಯಂತ್ರಸ್ಥಾವರವೆಂದು ಪರಿಗಣಿಸಿ ಹೆಚ್ಚಿನ ಸವಕಳಿ ಪಡೆಯಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಆನಂದ್ ಥಿಯೇಟರ್ಸ್ ಪ್ರಕರಣದಲ್ಲಿ ತಳ್ಳಿಹಾಕಿತು. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿ ಇಡುವುದಷ್ಟೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯ ನಿರ್ಮಾಣ ದುರಸ್ತಿಯಲ್ಲ ಎಂಬ ತತ್ತ್ವವನ್ನು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ತೀರ್ಪು ಸ್ಪಷ್ಟಪಡಿಸಿತು. ಹಳೆಯ ಚಿತ್ರದ ಮಸಿ ತೆಗೆಸಿದ ವೆಚ್ಚವೂ ಹೊಸ ಮೊಗಸಾಲೆ ಕಟ್ಟಿಸಿದ ವೆಚ್ಚವೂ ಒಂದೇ ಬಿಲ್ಲಿನಲ್ಲಿ ಬಂದರೆ, ಮೊದಲನೆಯದಕ್ಕೆ ನ್ಯಾಯವಾಗಿ ಸಿಗಬೇಕಾದ ಕಡಿತವೂ ವಿವಾದಕ್ಕೆ ಸಿಲುಕುತ್ತದೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಇದೇ ಭೇದ ಇನ್ನಷ್ಟು ತೀಕ್ಷ್ಣವಾಗಿದೆ. ಸ್ಥಿರ ಸ್ವತ್ತಿನ ನವೀಕರಣಕ್ಕಾಗಿ ಮಾಡಿದ, ಬಂಡವಾಳಕ್ಕೆ ಸೇರಿಸಿದ ವೆಚ್ಚದ ಮೇಲಿನ ತೆರಿಗೆಗೆ ಹೂಡುವಳಿ ಜಮೆ ದೊರೆಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಸಫಾರಿ ರಿಟ್ರೀಟ್ಸ್ ಪ್ರಕರಣದ ತೀರ್ಪು ತೆರೆದಿದ್ದ ಕಿರುಬಾಗಿಲನ್ನು 2025ರ ಹಣಕಾಸು ಕಾಯಿದೆಯು ಹಿಂದಿನಿಂದ ಅನ್ವಯವಾಗುವಂತೆ ಮುಚ್ಚಿತು. ಗೋಡೆಗೆ ಗಾರೆಯಿಂದ ಭದ್ರಪಡಿಸಿದ ಫಲಕವೂ ಮೊಳೆಗೆ ತೂಗುಹಾಕಿದ ಚಿತ್ರವೂ ನೋಟಕ್ಕೆ ಒಂದೇ ಆದರೂ, ತೆರಿಗೆಯ ಕಣ್ಣಿಗೆ ಬೇರೆ ಬೇರೆ. 2025ರ ಸೆಪ್ಟೆಂಬರ್ 22ರಿಂದ ಕೈಯಿಂದ ರಚಿಸಿದ ಚಿತ್ರ, ಮೂಲ ಶಿಲ್ಪ ಮೊದಲಾದವುಗಳ ಮೇಲಿನ ತೆರಿಗೆಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಅದೇ ದಿನದಿಂದ ದಿನಕ್ಕೆ 7,500 ರೂ. ವರೆಗಿನ ಕೊಠಡಿಗಳ ತೆರಿಗೆಯೂ ಶೇ. 5ಕ್ಕೆ ಇಳಿಯಿತು, ಆದರೆ ಹೂಡುವಳಿ ಜಮೆಯಿಲ್ಲದ ಷರತ್ತಿನೊಂದಿಗೆ. ಹೀಗಾಗಿ ಮಧ್ಯಮ ದರ್ಜೆಯ ಹೋಟೆಲಿಗೆ ಪ್ರತಿ ಖರೀದಿಯ ತೆರಿಗೆಯೂ ವೆಚ್ಚವೇ. ಕಡಿಮೆ ತೆರಿಗೆಯ ಕೈಕೆಲಸದ ವಸ್ತುಗಳು ಅಂಥ ಹೋಟೆಲುಗಳಿಗೆ ಹಿಂದೆಂದಿಗಿಂತ ಲಾಭಕರವಾಗಿವೆ ಎಂಬುದನ್ನು ಮಾರಾಟಗಾರರು ಮನವರಿಕೆ ಮಾಡಿಕೊಡಬೇಕು.

ಕಿತ್ತೊಗೆಯುವ ಮುನ್ನ

ಹಣ ಕೊಟ್ಟು ಕೊಂಡ ವಸ್ತುವನ್ನು ತಮಗೆ ಬೇಕಾದಂತೆ ಮಾಡುವ ಹಕ್ಕು ತಮಗಿದೆಯೆಂದು ಮಾಲೀಕರು ಭಾವಿಸುವುದು ಸಹಜ. ಕಲಾಕೃತಿಗಳ ಮಟ್ಟಿಗೆ ಇದು ಪೂರ್ಣ ಸತ್ಯವಲ್ಲ. ದೆಹಲಿಯ ವಿಜ್ಞಾನ ಭವನದ ಗೋಡೆಯ ಮೇಲೆ ಶಿಲ್ಪಿ ಅಮರನಾಥ ಸೆಹಗಲ್ ಅವರು ರಚಿಸಿದ್ದ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ನವೀಕರಣದ ವೇಳೆ, ಶಿಲ್ಪಿಗೆ ತಿಳಿಸದೆಯೇ ಕಿತ್ತು ಉಗ್ರಾಣಕ್ಕೆ ಸಾಗಿಸಲಾಯಿತು. ದೀರ್ಘ ವ್ಯಾಜ್ಯದ ನಂತರ 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅಳಿದುಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸುವಂತೆಯೂ ಐದು ಲಕ್ಷ ರೂಪಾಯಿ ಪರಿಹಾರ ನೀಡುವಂತೆಯೂ ಆದೇಶಿಸಿತು. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮು ಕಲಾವಿದನಿಗೆ ನೀಡುವ ನೈತಿಕ ಹಕ್ಕು ಈ ತೀರ್ಪಿನ ಬುನಾದಿ. ಕಟ್ಟಡಗಳ ವಿಷಯದಲ್ಲಿ ಅದೇ ನ್ಯಾಯಾಲಯ 2019ರಲ್ಲಿ, ವಾಸ್ತುಶಿಲ್ಪಿಯು ಭೂಮಿಯ ಒಡೆಯನು ಕಟ್ಟಡ ಕೆಡವುವುದನ್ನು ತಡೆಯಲಾರನೆಂದು ಹೇಳಿತು. ಒಟ್ಟಿನಲ್ಲಿ, ಕಟ್ಟಡ ಕೆಡವಲು ಇರುವ ಸ್ವಾತಂತ್ರ್ಯವು ಅದರೊಳಗಿನ ಶಿಲ್ಪವನ್ನು ಜಜ್ಜಲು ಅನ್ವಯಿಸುತ್ತದೆಂದು ಭಾವಿಸಿದವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ಒಂದು ಪತ್ರ ಬರೆದು ಕಲಾವಿದನ ಸಮ್ಮತಿ ಪಡೆಯುವ ವೆಚ್ಚ ಅತ್ಯಲ್ಪ.

ಮತ್ತೊಂದು ಕಾನೂನನ್ನೂ ಇಲ್ಲಿ ಗಮನಿಸಬೇಕು. 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತಿನ ಕಾಯಿದೆಯ ಪ್ರಕಾರ, ನೂರು ವರ್ಷ ದಾಟಿದ ಕಲಾತ್ಮಕ ಅಥವಾ ಐತಿಹಾಸಿಕ ವಸ್ತು ಪುರಾತನ ವಸ್ತುವೆನಿಸುತ್ತದೆ. ಅವುಗಳಲ್ಲಿ ಅಧಿಸೂಚಿತ ವರ್ಗಗಳಿಗೆ ನೋಂದಣಿ ಕಡ್ಡಾಯ; ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳುಹಿಸುವುದು ನಿಷಿದ್ಧ. 1920ರ ದಶಕದ ಕಟ್ಟಡಗಳ ಚಿತ್ರ, ಶಿಲ್ಪಗಳೆಲ್ಲ ಒಂದೊಂದಾಗಿ ಈ ಗಡಿಯನ್ನು ದಾಟುತ್ತಿವೆ. ನಿನ್ನೆಯವರೆಗೆ ಹಳೆಯ ಸಾಮಾನು ಎನಿಸಿಕೊಂಡದ್ದು ಇಂದು ಕಾನೂನಿನ ಕಣ್ಗಾವಲಿಗೆ ಒಳಪಟ್ಟ ಸಂಪತ್ತು.

ಮೈಸೂರಿನ ಲಲಿತಮಹಲ್

ಕರ್ನಾಟಕದಲ್ಲಿ ಈ ಎಲ್ಲ ಪ್ರಶ್ನೆಗಳೂ ಒಂದೇ ಸೂರಿನಡಿ ಸೇರಿರುವುದು ಮೈಸೂರಿನ ಲಲಿತಮಹಲ್ ಅರಮನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯರ ವಾಸ್ತವ್ಯಕ್ಕೆಂದು 1920ರ ದಶಕದಲ್ಲಿ ಕಟ್ಟಿಸಿದ ಈ ಸೌಧವನ್ನು ಮುಂಬಯಿಯ ವಾಸ್ತುಶಿಲ್ಪಿ ಫ್ರಿಚ್ಲಿ ರೂಪಿಸಿದರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಇದಕ್ಕೆ ಸ್ಫೂರ್ತಿ. ಇಟಲಿಯ ಅಮೃತಶಿಲೆಯ ಮೆಟ್ಟಿಲುಗಳು, ಬೆಲ್ಜಿಯಂ ಗಾಜಿನ ಬೆಳಕಿಂಡಿಗಳು, ರಾಜವಂಶದ ಆಳೆತ್ತರದ ಚಿತ್ರಗಳು, ಬೀಟೆ ಮರದ ಪೀಠೋಪಕರಣಗಳು ಇಲ್ಲಿನ ಹೆಗ್ಗುರುತು. 1974ರಲ್ಲಿ ಹೋಟೆಲಾಗಿ ಪರಿವರ್ತನೆಗೊಂಡು ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಆಡಳಿತದಲ್ಲಿದ್ದ ಇದು 2018ರಲ್ಲಿ ರಾಜ್ಯ ಸರ್ಕಾರಕ್ಕೆ ಹಸ್ತಾಂತರವಾಯಿತು; ನಿರ್ವಹಣೆಯನ್ನು ಜಂಗಲ್ ಲಾಡ್ಜಸ್ ಸಂಸ್ಥೆ ವಹಿಸಿಕೊಂಡಿತು.

ನೂರು ವರ್ಷದ ಕಟ್ಟಡಕ್ಕೆ ನವೀಕರಣ ಬೇಕೇ ಬೇಕು. ಕೊಳಾಯಿ, ವಿದ್ಯುತ್ ತಂತಿ, ಅಗ್ನಿ ಸುರಕ್ಷತೆ ಇವು ಯಾವ ಕಾಲಕ್ಕೂ ಪರಂಪರೆಯ ಹೆಸರಿನಲ್ಲಿ ಹಿಂದೆ ಬೀಳಬಾರದು. ಆದರೆ ಇಂಥ ಕಟ್ಟಡವನ್ನು ಸರ್ಕಾರವೇ ನಡೆಸಲಿ, ಖಾಸಗಿಯವರಿಗೆ ವಹಿಸಲಿ, ಮೊದಲು ಆಗಬೇಕಾದುದು ಒಳಗಿನ ಪ್ರತಿಯೊಂದು ವಸ್ತುವಿನ ದಾಖಲೆ. ಕುರ್ಚಿಯಿಂದ ದೀಪಗುಚ್ಛದವರೆಗೆ ಪಟ್ಟಿ ತಯಾರಾಗಿ, ಮೌಲ್ಯಮಾಪನವಾಗಿ, ಒಪ್ಪಂದ ಪತ್ರಕ್ಕೆ ಲಗತ್ತಾಗಬೇಕು. ಅಂಗಡಿ ಮಾರುವಾಗ ದಾಸ್ತಾನಿನ ಪಟ್ಟಿಯಿಲ್ಲದೆ ಸಣ್ಣ ವರ್ತಕನೂ ಕೀಲಿಕೈ ಕೊಡುವುದಿಲ್ಲ. ಸಾರ್ವಜನಿಕ ಆಸ್ತಿಗೆ ಅದಕ್ಕಿಂತ ಕಡಿಮೆ ಎಚ್ಚರ ಸಲ್ಲದು.

ಮೈಸೂರಿಗೆ ಈ ವಿಷಯದಲ್ಲಿ ಹೊರಗಿನ ಗುರು ಬೇಕಿಲ್ಲ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಬಳಿಕ ಹೆನ್ರಿ ಇರ್ವಿನ್ ಅವರ ವಿನ್ಯಾಸದಲ್ಲಿ ಹೊಸ ಅರಮನೆ 1912ಕ್ಕೆ ಪೂರ್ಣಗೊಂಡಿತು. ಅದರ ವೆಚ್ಚ 41,47,913 ರೂಪಾಯಿ ಎಂದು ಕೊನೆಯ ರೂಪಾಯಿಯವರೆಗೆ ಹೇಳಲಾಗುತ್ತದೆ. ಎರಕದ ಕಬ್ಬಿಣದ ಕಂಬಗಳು ದೂರದ ಗ್ಲಾಸ್ಗೋದಿಂದ ಬಂದವು, ನಿಜ. ಆದರೆ ಬಾಗಿಲುಗಳ ಇನ್‌ಲೇ ಕೆಲಸ, ಮರದ ಕೆತ್ತನೆ, ಕಲ್ಲಿನ ಕುಸುರಿ ನಾಡಿನ ಕಸುಬುದಾರರ ಕೈಯಲ್ಲಿ ಅರಳಿದವು. ಮುಂದೆ ಕಲ್ಯಾಣ ಮಂಟಪದ ಗೋಡೆಗಳಲ್ಲಿ ಅರಮನೆಯ ಕಲಾವಿದರು ದಸರಾ ಮೆರವಣಿಗೆಯನ್ನು ಚಿತ್ರಿಸಿದರು. ಒಂದು ದೊಡ್ಡ ನಿರ್ಮಾಣವು ಒಂದು ಪ್ರಾಂತ್ಯದ ಕಸುಬುಗಳಿಗೆ ಹೇಗೆ ಆಸರೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯ ಬೇಕಿಲ್ಲ.

ಸಣ್ಣ ತಯಾರಕರ ಪಾಲು

ಮೈಸೂರಿನ ಬೀಟೆ ಮರದ ಇನ್‌ಲೇ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ಚನ್ನಪಟ್ಟಣದ ಅರಗಿನ ಬಣ್ಣದ ಮರಗೆಲಸ, ಬೀದರಿನ ಬಿದರಿ ಕುಸುರಿ, ಕಿನ್ನಾಳದ ಗೊಂಬೆ, ನವಲಗುಂದದ ಜಮಖಾನ, ಸಂಡೂರಿನ ಲಂಬಾಣಿ ಕಸೂತಿ ಇವೆಲ್ಲವೂ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿವೆ. ಆದರೂ ದೊಡ್ಡ ಹೋಟೆಲುಗಳ ನವೀಕರಣದಲ್ಲಿ ಇವುಗಳ ಸ್ಥಾನ ಬಹುತೇಕ ಕಾಣಿಕೆ ಅಂಗಡಿಯ ಕಪಾಟಿಗೆ ಸೀಮಿತ. ಇದಕ್ಕೆ ಕಾರಣ ಕಲೆಯ ಕೊರತೆಯಲ್ಲ. ಇಡೀ ಒಳಾಂಗಣವನ್ನು ಒಬ್ಬನೇ ಗುತ್ತಿಗೆದಾರನಿಗೆ ಒಪ್ಪಿಸುವ ಪದ್ಧತಿಯಲ್ಲಿ ವಹಿವಾಟಿನ ಗಾತ್ರ, ಠೇವಣಿ, ಬ್ಯಾಂಕ್ ಖಾತರಿ ಮೊದಲಾದ ಷರತ್ತುಗಳು ಐದಾರು ಜನರ ಕಾರ್ಖಾನೆಯನ್ನು ಬಾಗಿಲಲ್ಲಿಯೇ ತಡೆಯುತ್ತವೆ. ಕಲಾವಸ್ತುಗಳ ಖರೀದಿಯನ್ನು ಮುಖ್ಯ ಗುತ್ತಿಗೆಯಿಂದ ಬೇರ್ಪಡಿಸಿ, ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ ಕರೆಯುವುದೇ ಇದಕ್ಕೆ ಪರಿಹಾರ. ಕೇಂದ್ರ ಸರ್ಕಾರದ ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕೆಂಬ ನಿಯಮ 2018ರಲ್ಲಿ ಬಂದಿತು. ಖಾಸಗಿ ಹೋಟೆಲುಗಳಿಗೆ ಅಂಥ ಕಟ್ಟಳೆಯಿಲ್ಲವಾದರೂ ಸ್ವಹಿತದ ದೃಷ್ಟಿಯಿಂದ ಅವು ಈ ಕ್ರಮವನ್ನು ಅನುಸರಿಸಬಹುದು.

ಕೆಲಸ ಸಿಕ್ಕರೆ ಸಾಲದು, ಹಣವೂ ಕೈಸೇರಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ ಬರಹದ ಒಪ್ಪಂದವಿಲ್ಲದಿದ್ದರೆ 15 ದಿನ, ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಅತಿಸಣ್ಣ ಮತ್ತು ಸಣ್ಣ ಪೂರೈಕೆದಾರರಿಗೆ ಹಣ ಪಾವತಿಯಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6 ಇದ್ದರೆ ಬಡ್ಡಿ ಶೇ. 18, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವಂಥದು. ಹೀಗೆ ಕೊಟ್ಟ ಬಡ್ಡಿಗೆ ಖರೀದಿದಾರನಿಗೆ ಆದಾಯ ತೆರಿಗೆಯಲ್ಲಿ ಕಡಿತವೂ ಸಿಗದು.

ಇಲ್ಲೊಂದು ಸೂಕ್ಷ್ಮವಿದೆ. ಕಾಲಮಿತಿಯೊಳಗೆ ಪಾವತಿಸದ ಮೊತ್ತಕ್ಕೆ ಆ ವರ್ಷ ಕಡಿತವಿಲ್ಲವೆಂದು 2023ರ ಹಣಕಾಸು ಕಾಯಿದೆ ತಂದ, 2024ರ ಏಪ್ರಿಲ್ 1ರಿಂದ ಜಾರಿಯಾದ ನಿಯಮವು ಖರೀದಿದಾರರ ಮೇಲೆ ಒಳ್ಳೆಯ ಒತ್ತಡ ಹೇರಿತು. ಆದರೆ ಹೋಟೆಲು ಕೊಂಡ ಕಲಾವಸ್ತು ಬಂಡವಾಳ ಖಾತೆಗೆ ಸೇರುವುದರಿಂದ, ಅದರ ಬೆಲೆಯನ್ನು ನೇರವಾಗಿ ಲಾಭದಿಂದ ಕಳೆಯುವ ಪ್ರಶ್ನೆಯೇ ಇರುವುದಿಲ್ಲ. ಆದುದರಿಂದ ಈ ಒತ್ತಡ ಅಂಥ ಖರೀದಿಗೆ ಅಷ್ಟಾಗಿ ತಾಗುವುದಿಲ್ಲ. ಸಣ್ಣ ತಯಾರಕನು 2006ರ ಕಾಯಿದೆಯ ಬಡ್ಡಿಯ ಕಲಮನ್ನೇ ನೆಚ್ಚಿಕೊಳ್ಳಬೇಕು. ಅದಕ್ಕೆ ಉದ್ಯಮ್ ನೋಂದಣಿ ಮುಂಚೆಯೇ ಇರಬೇಕು. ನೋಂದಣಿ ಸಂಖ್ಯೆ ಪ್ರತಿಯೊಂದು ಬಿಲ್ಲಿನಲ್ಲಿಯೂ ಕಾಣಬೇಕು. ವಾರ್ಷಿಕ ವಹಿವಾಟು 250 ಕೋಟಿ ರೂ. ಮೀರಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಬಿಲ್ಲು ರಿಯಾಯಿತಿಯ ಟ್ರೆಡ್ಸ್ ವ್ಯವಸ್ಥೆಗೆ ಸೇರಬೇಕೆಂದು ಕೇಂದ್ರ ಸರ್ಕಾರ ವಿಧಿಸಿತ್ತು. ದೊಡ್ಡ ಹೋಟೆಲ್ ಸಮೂಹಗಳಿಗೆ ಸರಕು ಕೊಡುವವರು ಈ ಸೌಲಭ್ಯವನ್ನು ಕೇಳಿ ಪಡೆಯಬೇಕು.

ತಯಾರಕರ ಹೊಣೆಯೂ ಕಡಿಮೆಯೇನಲ್ಲ. ಹವಾನಿಯಂತ್ರಿತ ಮೊಗಸಾಲೆಯಲ್ಲಿ ಹದವಾಗಿ ಒಣಗದ ಮರ ಆರು ತಿಂಗಳಲ್ಲಿ ಬಿರುಕು ಬಿಡುತ್ತದೆ. ಇನ್‌ಲೇ ಚೂರು ಉದುರುತ್ತದೆ. ಹೇಳಿದ ದಿನಕ್ಕೆ ನಲವತ್ತು ಫಲಕಗಳ ಬದಲು ಇಪ್ಪತ್ತೈದು ಬಂದರೆ ಹೋಟೆಲಿನ ಉದ್ಘಾಟನೆಯೇ ಮುಂದೆ ಹೋಗುತ್ತದೆ. ಬೀಟೆ ಜಾತಿಯ ಮರಗಳು 2017ರಿಂದ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ ರಫ್ತಿಗೆ ಸಂಬಂಧಪಟ್ಟ ಪತ್ರಗಳಿರಬೇಕು. ದೇಶದೊಳಗಿನ ಮಾರಾಟಕ್ಕೂ ಮರದ ಮೂಲ ತೋರಿಸುವ ಅರಣ್ಯ ಇಲಾಖೆಯ ಕಾಗದ ಕೈಯಲ್ಲಿರುವುದು ಕ್ಷೇಮ. ಸಹಿ ಹಾಕಿದ ನಕ್ಷೆ, ಒಪ್ಪಿಗೆಯಾದ ಮಾದರಿ, ಮುಂಗಡದ ರಸೀದಿ, ದುರಸ್ತಿಗೆಂದು ಕೆಲವು ಹೆಚ್ಚುವರಿ ತುಂಡು ಇವಿಷ್ಟನ್ನು ಒದಗಿಸುವ ಕಸುಬುದಾರನನ್ನು ಯಾವ ವಿನ್ಯಾಸಕಾರನೂ ಸುಲಭವಾಗಿ ಕೈಬಿಡುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ವ್ಯಾಪಾರಕ್ಕೂ ಸಲ್ಲುತ್ತದೆ.

ಆಕ್ಷೇಪಗಳ ಪರಿಶೀಲನೆ

ಸಿದ್ಧ ಸಾಮಗ್ರಿ ಅಗ್ಗ, ಬೇಗ ಸಿಗುತ್ತದೆ, ಮುರಿದರೆ ಅದೇ ನಮೂನೆ ಮತ್ತೆ ದೊರೆಯುತ್ತದೆ ಎಂಬುದು ಹೋಟೆಲಿಗರ ಮೊದಲ ವಾದ. ಇದರಲ್ಲಿ ಸತ್ಯಾಂಶವಿದೆ. ನೂರಾರು ಕೊಠಡಿಗಳ ಸ್ನಾನಗೃಹದ ನಲ್ಲಿಗೆ ಕುಶಲಕರ್ಮಿಯನ್ನು ಹುಡುಕುವುದು ಅವಿವೇಕ. ಆದರೆ ಅತಿಥಿಯು ಮನೆಗೆ ಮರಳಿ ನೆರೆಹೊರೆಯವರಿಗೆ ವರ್ಣಿಸುವುದು ನಲ್ಲಿಯನ್ನಲ್ಲ. ಎಲ್ಲ ಹೋಟೆಲುಗಳೂ ಒಂದೇ ಕ್ಯಾಟಲಾಗಿನಿಂದ ಸಾಮಗ್ರಿ ತರಿಸಿದರೆ ಅವುಗಳ ನಡುವೆ ಉಳಿಯುವ ಸ್ಪರ್ಧೆ ದರ ಇಳಿಸುವುದೊಂದೇ. ಬೇರೆಲ್ಲಿಯೂ ಸಿಗದ ನೋಟವಿರುವ ಹೋಟೆಲು ತನ್ನ ದರವನ್ನು ತಾನು ಹೇಳಬಲ್ಲದು.

ಕಲೆಯ ಬೆಲೆ ಏರುತ್ತದೆಂಬ ಭರವಸೆ ಏನು ಎಂಬುದು ಎರಡನೆಯ ಆಕ್ಷೇಪ. ಖಂಡಿತವಾಗಿಯೂ ಭರವಸೆಯಿಲ್ಲ. ಷೇರು ಪೇಟೆಯಂತೆ ಬೆಲೆಯೇರಿಕೆಗೆಂದೇ ಚಿತ್ರ ಕೊಳ್ಳುವುದು ಹೋಟೆಲಿನ ಕೆಲಸವೂ ಅಲ್ಲ. ಆದರೆ ಬೆಲೆ ಏರದಿದ್ದರೂ ಒಂದು ಉತ್ತಮ ಕೃತಿ ಮೂವತ್ತು ವರ್ಷ ಗೋಡೆಯಲ್ಲಿ ಉಳಿದರೆ, ಅದೇ ಜಾಗದಲ್ಲಿ ನಾಲ್ಕು ಬಾರಿ ಬದಲಾಗುವ ಅಗ್ಗದ ಅಲಂಕಾರಕ್ಕಿಂತ ವರ್ಷವಾರು ವೆಚ್ಚ ಕಡಿಮೆಯಾಗಬಹುದು. ದೆಹಲಿಯ ಮೌರ್ಯ ಹೋಟೆಲಿನ ಮೊಗಸಾಲೆಯ ಮೇಲ್ಛಾವಣಿಯಲ್ಲಿ ಮೆರವಣಿಗೆಯ ಬೃಹತ್ ಚಿತ್ರ ರಚಿಸಿದ ಕೃಷನ್ ಖನ್ನಾ ಅವರು 1961ರವರೆಗೆ ಗ್ರಿಂಡ್ಲೇಸ್ ಬ್ಯಾಂಕಿನ ಅಧಿಕಾರಿಯಾಗಿದ್ದವರು. ಲೆಕ್ಕ ಬಲ್ಲವರಿಗೂ ಕಲೆಗೂ ದೂರವೆಂಬ ನಂಬಿಕೆಗೆ ಅವರ ಬದುಕೇ ಉತ್ತರ.

ಮುಂದಿನ ಹೆಜ್ಜೆ

ವಾಣಿಜ್ಯ ಸಂಸ್ಥೆಗಳು ಇಲ್ಲಿ ಮೂರು ಕೆಲಸ ಮಾಡಬಹುದು. ಮೊದಲನೆಯದಾಗಿ, ಜಿಲ್ಲಾವಾರು ಕಸುಬುದಾರರ ಹಾಗೂ ಸಣ್ಣ ತಯಾರಕರ ಪಟ್ಟಿ ತಯಾರಿಸಿ, ಅವರ ಉತ್ಪಾದನಾ ಸಾಮರ್ಥ್ಯ, ಉದ್ಯಮ್ ಮತ್ತು ತೆರಿಗೆ ನೋಂದಣಿಯ ವಿವರಗಳೊಂದಿಗೆ ಹೋಟೆಲುಗಳಿಗೂ ಒಳಾಂಗಣ ವಿನ್ಯಾಸಕಾರರಿಗೂ ತಲುಪಿಸುವುದು. ಎರಡನೆಯದಾಗಿ, ಮುಂಗಡ, ಮಾದರಿ ಒಪ್ಪಿಗೆ, ಪಾವತಿಯ ಅವಧಿ, ಕಲಾವಿದನ ಹಕ್ಕು ಇವುಗಳನ್ನೊಳಗೊಂಡ ಒಂದು ಮಾದರಿ ಒಪ್ಪಂದವನ್ನು ಕನ್ನಡದಲ್ಲಿ ಸಿದ್ಧಪಡಿಸುವುದು. ತಾನು ಸಹಿ ಮಾಡುವ ಕಾಗದದಲ್ಲಿ ಏನಿದೆಯೆಂದು ಬಡಗಿಗೂ ತಿಳಿಯಬೇಕು. ಮೂರನೆಯದಾಗಿ, ಪಾವತಿ ವಿಳಂಬದ ದೂರುಗಳನ್ನು ಸೌಲಭ್ಯ ಮಂಡಳಿಯ ಮುಂದೆ ಒಯ್ಯಲು ಸದಸ್ಯರಿಗೆ ನೆರವಾಗುವುದು. ಒಂಟಿ ಕಸುಬುದಾರ ದೊಡ್ಡ ಗಿರಾಕಿಯ ವಿರುದ್ಧ ದೂರಲು ಅಂಜುತ್ತಾನೆ. ಸಂಸ್ಥೆಯ ಬೆಂಬಲವಿದ್ದರೆ ಆ ಅಂಜಿಕೆ ತಗ್ಗುತ್ತದೆ.

ಹೋಟೆಲ್ ಮಾಲೀಕರಿಂದ ನಿರೀಕ್ಷಿಸಬೇಕಾದುದು ಇಷ್ಟು: ಸುತ್ತಿಗೆ ಎತ್ತುವ ಮೊದಲು ಪಟ್ಟಿ ಮಾಡುವುದು, ಪಟ್ಟಿಯಲ್ಲಿರುವುದಕ್ಕೆ ಬೆಲೆ ಕಟ್ಟಿಸುವುದು, ಬೆಲೆಯುಳ್ಳದ್ದನ್ನು ವಿಮೆಗೆ ಒಳಪಡಿಸುವುದು, ಹೊಸದನ್ನು ಕೊಳ್ಳುವಾಗ ನೂರು ಮೈಲಿಯೊಳಗಿನ ಕಸುಬುದಾರನಿಗೆ ಒಂದು ಅವಕಾಶ ನೀಡುವುದು, ಕೊಂಡ ಮೇಲೆ ನಲವತ್ತೈದು ದಿನದೊಳಗೆ ಹಣ ಸಲ್ಲಿಸುವುದು. ಇವುಗಳಲ್ಲಿ ಯಾವುದೂ ದಾನವಲ್ಲ. ಎಲ್ಲವೂ ಶುದ್ಧ ವ್ಯವಹಾರದ ಮಾತುಗಳೇ. ಇಂದು ಮೈಸೂರಿನ ಕಸುಬುದಾರನಿಗೆ ಕೆಲಸ ಸಿಗದಿದ್ದರೆ ಅವನ ಮಗ ಆ ಉಳಿಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಮುಂದೊಂದು ದಿನ ಲಲಿತಮಹಲಿನ ಒಂದು ಬಾಗಿಲು ಮುರಿದಾಗ, ಅದನ್ನು ಸರಿಪಡಿಸಲು ಎಷ್ಟು ಹಣ ಕೊಟ್ಟರೂ ಕೈ ಸಿಗದೆ ಹೋದೀತು. ಆ ನಷ್ಟವನ್ನು ಯಾವ ಅಢಾವೆ ಪತ್ರಿಕೆಯೂ ತೋರಿಸಲಾರದು.